ಕಚೇರಿಯ ಕಸಕ್ಕೆ ವಾರಸುದಾರರು ಯಾರು?

ಮನೆಯಲ್ಲಿ ಕಸದ ಬುಟ್ಟಿ ತುಂಬಿದರೆ ಯಾರಾದರೊಬ್ಬರಿಗೆ ತಲೆಬಿಸಿ ಶುರುವಾಗುತ್ತದೆ. ಬೆಳಿಗ್ಗೆ ಆಟೊ ಟಿಪ್ಪರ್ ಬಂದ ಸದ್ದು ಕೇಳಿದೊಡನೆ ಹಸಿ ಕಸದ ಬಕೆಟ್ ಹಿಡಿದು ಗೇಟಿಗೆ ಓಡಬೇಕು. ಹಸಿ, ಒಣ ಎಲ್ಲ ಬೆರೆಸಿಟ್ಟಿದ್ದರೆ ಪೌರಕಾರ್ಮಿಕರಿಂದ ಎರಡು ಮಾತು ಕೇಳಬೇಕು. ಕಚೇರಿಯಲ್ಲಿ ಈ ರಗಳೆಯೇ ಇಲ್ಲ. ಕಾಗದದ ಕಪ್ಪು, ಅರ್ಧ ತಿಂದ ಸಮೋಸ, ತಪ್ಪಾಗಿ ಪ್ರಿಂಟ್ ಆದ ಹಾಳೆ, ಗುಟುಕು ನೀರು ಉಳಿದ ಬಾಟಲಿ ಎಲ್ಲವನ್ನೂ ಮೇಜಿನ ಕೆಳಗಿನ ಬುಟ್ಟಿಗೆ ಹಾಕಿ ಮನೆಗೆ ಹೋದರೆ ಮರುದಿನ ಬರುವಷ್ಟರಲ್ಲಿ ಬುಟ್ಟಿ ಖಾಲಿ. ನಡುವೆ ಅದೆಲ್ಲ ಎಲ್ಲಿಗೆ ಹೋಯಿತೆಂದು ಕೇಳುವ ಪ್ರಸಂಗವೇ ಬರುವುದಿಲ್ಲ. ಮನೆಯಲ್ಲಿ ಶ್ರದ್ಧೆಯಿಂದ ಕಸ ವಿಂಗಡಿಸುವ ಮನುಷ್ಯನೇ ಕಚೇರಿಯ ಗೇಟು ದಾಟಿದ ಕೂಡಲೇ ಅದನ್ನು ಮರೆತುಬಿಡುತ್ತಾನೆ. ಇದಕ್ಕೆ ಸೋಮಾರಿತನವನ್ನೊಂದೇ ದೂರಿದರೆ ರೋಗ ಸಿಕ್ಕುವುದಿಲ್ಲ.

ಕಚೇರಿಯ ಕಸದ ಹಿಂದೆ ಮೂರು ಬಗೆಯ ಜನರಿದ್ದಾರೆ. ಕಪ್ಪು, ಕಾಗದ, ಬಾಟಲಿಗಳನ್ನು ತರಿಸುವವರು ಆಡಳಿತ ಅಥವಾ ಖರೀದಿ ವಿಭಾಗದಲ್ಲಿದ್ದಾರೆ. ಬಳಸಿ ಎಸೆಯುವವರು ನಾವು. ಎತ್ತುವವರು ಗುತ್ತಿಗೆ ಏಜೆನ್ಸಿಯ ಸಂಬಳದಲ್ಲಿರುವ ಹೌಸ್‌ಕೀಪಿಂಗ್‌ನವರು. ಕೊಳ್ಳುವವರಿಗೆ ಕಸ ಕಾಣುವುದಿಲ್ಲ, ಎಸೆಯುವವರಿಗೆ ಬಿಲ್ಲು ಕಾಣುವುದಿಲ್ಲ, ಎತ್ತುವವರಿಗೆ ಎಲ್ಲ ಕಂಡರೂ ಕೇಳುವವರಿಲ್ಲ. ಮನೆಯಲ್ಲಿ ಈ ಮೂರೂ ಕೆಲಸ ಬಹುಮಟ್ಟಿಗೆ ಒಂದೇ ಕೈಯಲ್ಲಿರುವುದರಿಂದ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ಕಚೇರಿಯಲ್ಲಿ ಈ ಮೂವರು ಎದುರುಬದುರಾಗುವಂತೆ ಮಾಡದ ಯಾವ ಹಸಿರು ಯೋಜನೆಯೂ ಜೂನ್ 5ರ ಪರಿಸರ ದಿನದ ಫೋಟೊಗಳಾಚೆ ಬಾಳುವುದಿಲ್ಲ.

ಬೆಂಗಳೂರು ಈ ಪಾಠವನ್ನು ಊರಿನ ಮಟ್ಟದಲ್ಲಿ ಕಷ್ಟಪಟ್ಟು ಕಲಿತಿದೆ. ನಗರದ ಬೆರಕೆ ಕಸವನ್ನು ಹೊತ್ತು ಹೊತ್ತು ಸಾಕಾದ ಮಾವಳ್ಳಿಪುರದ ಜನ ಎದ್ದುನಿಂತರು; 2012ರಲ್ಲಿ ಅಲ್ಲಿನ ಭೂಭರ್ತಿ ಘಟಕ ಮುಚ್ಚಿತು, ಬೀದಿಬೀದಿಯಲ್ಲಿ ಕಸದ ಗುಡ್ಡೆ ಬೆಳೆಯಿತು. 2014ರಲ್ಲಿ, ನಗರದ ಕಸ ಹೊತ್ತಿದ್ದ ಮಂಡೂರಿನವರೂ ಸಾಕು ಎಂದರು. ಕಸಕ್ಕೆ ‘ದೂರದ ಊರು’ ಎಂಬುದಿಲ್ಲ, ಅಲ್ಲಿಯೂ ಬಾವಿ, ಹೊಲ, ಮಕ್ಕಳಿದ್ದಾರೆ ಎಂಬುದು ಆಗ ನಗರಕ್ಕೆ ಅರಿವಾಯಿತು. ಹೈಕೋರ್ಟು ಪಟ್ಟು ಹಿಡಿದು, 2015ರ ಡಿಸೆಂಬರ್‌ನಲ್ಲಿ ಎರಡು ಬುಟ್ಟಿ ಒಂದು ಚೀಲದ ಪದ್ಧತಿಗೆ ಆದೇಶಿಸಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡಯಾಪರ್, ಪ್ಯಾಡ್‌ನಂಥವು, ಚೀಲಕ್ಕೆ ಒಣ ಕಸ.

ಕಚೇರಿಗಳ ಹೊಣೆಯನ್ನು 2016ರ ಕೇಂದ್ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಿಡಿಸಿ ಹೇಳಿದವು. ದಿನಕ್ಕೆ ಸರಾಸರಿ 100 ಕಿಲೊ ಮೀರಿ ಕಸ ಹೊರಹಾಕುವ ಯಾವುದೇ ಕಟ್ಟಡ, ಅದು ಸರ್ಕಾರಿ ಇಲಾಖೆಯಿರಲಿ ಖಾಸಗಿ ಕಂಪನಿಯಿರಲಿ, ‘ಬೃಹತ್ ತ್ಯಾಜ್ಯ ಉತ್ಪಾದಕ’. 5,000 ಚದರ ಮೀಟರಿಗಿಂತ ದೊಡ್ಡ ಸಂಸ್ಥೆಗಳು ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಗೊಬ್ಬರ ಅಥವಾ ಅನಿಲವಾಗಿ ಕರಗಿಸಬೇಕಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆಂದು ಹೊರಟ ಹೊಸ ನಿಯಮಗಳು ಇದನ್ನು ಇನ್ನಷ್ಟು ಬಿಗಿಗೊಳಿಸಿ, ಹಸಿ, ಒಣ, ನೈರ್ಮಲ್ಯ ಮತ್ತು ವಿಶೇಷ ಕಾಳಜಿಯ ಕಸ ಎಂದು ನಾಲ್ಕು ಬಗೆಯ ವಿಂಗಡಣೆ ಕೇಳುತ್ತವೆ. ಕಾನೂನು ಹೀಗೆ ಕಟ್ಟಡದ ಬಾಗಿಲಿನವರೆಗೆ ಬಂದು ನಿಂತಿದೆ. ಒಳಗೆ ಯಾರು ಏನು ಮಾಡಬೇಕೆಂಬುದನ್ನು ಕಚೇರಿಯೇ ಗೊತ್ತುಮಾಡಿಕೊಳ್ಳಬೇಕು.

ಮೊದಲು ಎಸೆಯುವವರ ವಿಷಯ. ಇಲ್ಲಿ ಅತಿ ಹೆಚ್ಚು ಫಲ ಕೊಡುವ, ಬಿಡಿಗಾಸೂ ಬೇಡದ ಕೆಲಸವೆಂದರೆ ಮೇಜಿನ ಕೆಳಗಿನ ಬುಟ್ಟಿಯನ್ನು ತೆಗೆದುಬಿಡುವುದು. ಕಾಲಬುಡದಲ್ಲಿ ಒಂದೇ ಬುಟ್ಟಿಯಿದ್ದರೆ ವಿಂಗಡಿಸು ಎಂದು ಬ್ರಹ್ಮ ಬಂದು ಹೇಳಿದರೂ ಆಗದು. ಅದರ ಬದಲು ಮಹಡಿಗೆ ಎರಡು ಮೂರು ಕಡೆ, ಜನ ಹೇಗೂ ಎದ್ದುಹೋಗುವ ಜಾಗದಲ್ಲಿ, ಅಂದರೆ ಕಾಫಿ ಯಂತ್ರದ ಹತ್ತಿರ, ಪ್ರಿಂಟರಿನ ಪಕ್ಕ, ಎಲ್ಲ ಬಗೆಯ ಬುಟ್ಟಿಗಳನ್ನು ಒಟ್ಟಿಗೆ ಇಡಬೇಕು. ಒಂದೇ ಬುಟ್ಟಿ ಎಲ್ಲೂ ಒಂಟಿಯಾಗಿರಬಾರದು. ಒಣ ಕಸದ ಬುಟ್ಟಿಯೊಂದೇ ಕಂಡರೆ ಬಾಳೆಹಣ್ಣಿನ ಸಿಪ್ಪೆಯೂ ಅಲ್ಲಿಗೇ ಬೀಳುತ್ತದೆ. ಬುಟ್ಟಿಯ ಮೇಲೆ ಇಂಗ್ಲಿಷಿನ ದೊಡ್ಡ ದೊಡ್ಡ ಪದ ಬರೆದರೆ ಓದುವವರೂ ಗೊಂದಲಕ್ಕೆ ಬೀಳುತ್ತಾರೆ. ಆ ಕಚೇರಿಯಲ್ಲಿ ನಿಜವಾಗಿ ಬೀಳುವ ವಸ್ತುಗಳನ್ನೇ, ಅದೇ ಕಪ್ಪು, ಅದೇ ಬಿಸ್ಕತ್ತಿನ ಕವರು, ಅದೇ ಬಾಟಲಿಯನ್ನು ಹಲಗೆಗೆ ಅಂಟಿಸಿ ಬುಟ್ಟಿಯ ನೆತ್ತಿಯ ಮೇಲೆ ತೂಗುಹಾಕಿದರೆ ಯಾರೂ ಯೋಚಿಸುತ್ತ ನಿಲ್ಲಬೇಕಾಗಿಲ್ಲ.

ಬೆರೆಸಿದರೆ ಏನು ಹಾಳಾಗುತ್ತದೆ ಎಂಬುದು ತಿಳಿದರೆ ಕೈ ತಾನೇ ಎಚ್ಚರವಾಗುತ್ತದೆ. ಕಾಗದವನ್ನು ಮರುಬಳಕೆ ಮಾಡುವ ಗಿರಣಿಯಲ್ಲಿ ಅದನ್ನು ನೀರಿನಲ್ಲಿ ನೆನೆಸಿ, ಕಡೆದು, ನಾರು ನಾರಾಗಿ ಬಿಡಿಸುತ್ತಾರೆ. ಆ ನಾರಿನಿಂದಲೇ ಹೊಸ ಹಾಳೆ ಅಥವಾ ರಟ್ಟು. ಕಾಗದಕ್ಕೆ ಹಿಡಿದ ಎಣ್ಣೆ ನಾರಿನಿಂದ ಸರಿಯಾಗಿ ಬಿಡುವುದಿಲ್ಲ. ಹಾಗಾಗಿ ಸಾಂಬಾರು ಬಿದ್ದ ಒಂದು ಡಬ್ಬಿ ಬುಟ್ಟಿಯಲ್ಲಿದ್ದ ಒಳ್ಳೆಯ ಬಿಳಿ ಹಾಳೆಗಳನ್ನೂ ಕೆಡಿಸುತ್ತದೆ. ಗುಜರಿಯಲ್ಲಿ ಒಳ್ಳೆಯ ಬೆಲೆಯಿದ್ದ ಹಾಳೆ ಬೆಲೆಯಿಲ್ಲದ ಕಸವಾಗುವುದು ಹೀಗೆ. ಚೂರು ಮಾಡುವ ಯಂತ್ರಕ್ಕೆ ಹಾಕಿದ ಕಾಗದದ ನಾರು ತುಂಡಾಗಿರುವುದರಿಂದ ಅದರ ಗುಣ ಇಳಿಯುತ್ತದೆ, ಉಳಿದ ಕಸದೊಳಗೆ ಸೇರಿಕೊಂಡರೆ ಹೆಕ್ಕಲೂ ಬಾರದು. ಆದ್ದರಿಂದ ಗುಟ್ಟಿನ ಕಾಗದವನ್ನಷ್ಟೇ ಚೂರು ಮಾಡಿ, ಪ್ರತ್ಯೇಕ ಚೀಲದಲ್ಲಿ ಕಟ್ಟಿಡಬೇಕು. ಮುದ್ರಣದ ಶಾಯಿಯಿಲ್ಲದೆ ಬಿಸಿಯಿಂದ ಅಕ್ಷರ ಮೂಡಿಸುವ ನುಣುಪು ಬಿಲ್ಲುಗಳಿಗೆ ರಾಸಾಯನಿಕದ ಲೇಪವಿರುವುದರಿಂದ ಅವನ್ನು ಒಳ್ಳೆಯ ಕಾಗದದ ಜೊತೆ ಸೇರಿಸಬಾರದು. ನೀರಿನ ಪೆಟ್ ಬಾಟಲಿಗೆ ಒಳ್ಳೆಯ ಬೆಲೆಯಿದೆ, ಅದು ಚೂರಾಗಿ, ಕರಗಿ, ಬಟ್ಟೆಯ ನೂಲಾಗುತ್ತದೆ. ಆದರೆ ಸಭೆ ಮುಗಿದ ಮೇಲೆ ಅರ್ಧ ನೀರಿದ್ದ ನೂರು ಬಾಟಲಿಗಳ ಮುಚ್ಚಳ ತೆಗೆದು ಚೆಲ್ಲುತ್ತ ಕೂರುವವರು ಯಾರು? ಕುಡಿದವರೇ ಖಾಲಿ ಮಾಡಿ ಹಾಕಿದರೆ ಅರ್ಧ ನಿಮಿಷದ ಕೆಲಸ.

ಇಷ್ಟೆಲ್ಲ ಮಾಡಿದರೂ ಎಸೆಯುವ ಹೊತ್ತಿಗೆ ಅರ್ಧ ಆಟ ಮುಗಿದಿರುತ್ತದೆ. ಕಚೇರಿಯಲ್ಲಿ ಎಷ್ಟು ಕಸವಾಗಬೇಕು, ಎಂಥ ಕಸವಾಗಬೇಕು ಎಂಬುದು ನಿಶ್ಚಯವಾಗುವುದು ಖರೀದಿಯ ಆದೇಶಕ್ಕೆ ರುಜು ಬೀಳುವಾಗ. ಕಾಗದದ ಕಪ್ಪನ್ನೇ ನೋಡಿ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಕಪ್ಪು, ತಟ್ಟೆ, ಚಮಚಗಳನ್ನು ನಿಷೇಧಿಸಿತು, 2022ರ ಜುಲೈ 1ರಿಂದ ದೇಶವಿಡೀ ಅಂಥದೇ ನಿಷೇಧ ಬಂತು. ಕಚೇರಿಗಳು ಕಾಗದದ ಕಪ್ಪಿಗೆ ಹೊರಳಿ ಪಾಪ ಕಳೆಯಿತು ಎಂದುಕೊಂಡವು. ಬಿಸಿ ಕಾಫಿ ಸೋರದಿರಲೆಂದು ಆ ಕಪ್ಪಿನ ಒಳಮೈಗೆ ತೆಳುವಾದ ಪಾಲಿಥೀನ್ ಪೊರೆ ಹಾಕಿರುತ್ತಾರೆ. ಸಾಮಾನ್ಯ ಕಾಗದ ಗಿರಣಿಗೆ ಆ ಪೊರೆ ಬಿಡಿಸಲು ಬಾರದು, ಗುಜರಿಯವರು ಮುಟ್ಟುವುದೂ ಇಲ್ಲ. ಐಐಟಿ ಖರಗ್‌ಪುರದ ಸಂಶೋಧಕರು 2020ರಲ್ಲಿ ಕಂಡುಕೊಂಡಂತೆ, ಇಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿ ದ್ರವ ಹದಿನೈದು ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಬಿಡುತ್ತವೆ.

ಲೆಕ್ಕಕ್ಕೆ ಹಿಡಿಯೋಣ: ಇನ್ನೂರು ಜನರ ಕಚೇರಿ, ತಲೆಗೆ ದಿನಕ್ಕೆ ಮೂರು ಕಪ್ಪು, ವರ್ಷಕ್ಕೆ 250 ಕೆಲಸದ ದಿನ. ಅಲ್ಲಿಗೆ 1,50,000 ಕಪ್ಪು. ಕಪ್ಪಿಗೆ ಒಂದು ರೂಪಾಯಿಯೆಂದರೂ ಒಂದೂವರೆ ಲಕ್ಷ ರೂಪಾಯಿ ಕೊಟ್ಟು ಕಸ ಕೊಂಡಂತೆ, ಮೇಲೆ ಅದನ್ನು ಸಾಗಿಸಲು ಮತ್ತೆ ದುಡ್ಡು. ಸ್ಟೀಲ್ ಲೋಟ ಇಟ್ಟರೆ ತೊಳೆಯುವವರು ಯಾರು, ನೀರು ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ, ಬರಬೇಕಾದದ್ದೇ. ತೊಳೆಯಲು ಒಬ್ಬರಿಗೆ ಕೆಲಸ ಕೊಡಬೇಕಾಗುತ್ತದೆ, ಸಿಂಕು ಬೇಕಾಗುತ್ತದೆ, ಆ ಕೆಲಸವನ್ನು ಈಗಿರುವ ಹೌಸ್‌ಕೀಪಿಂಗ್‌ನವರ ತಲೆಗೇ ಸುಮ್ಮನೆ ಹೇರುವುದು ಅನ್ಯಾಯ. ಆದರೆ ಕಪ್ಪಿಗೆ ಸುರಿಯುವ ಹಣವನ್ನು ಸಂಬಳವಾಗಿ ಕೊಡುವುದರಲ್ಲಿ ಕಚೇರಿಗೆ ಹೆಚ್ಚು ನಷ್ಟವೇನಿಲ್ಲ. ಬೆಂಗಳೂರಿನ ದರ್ಶಿನಿಗಳು ಗಿರಾಕಿಗಳ ನೂಕುನುಗ್ಗಲಿನಲ್ಲೂ ಲೋಟ ತೊಳೆದೇ ಬೈ-ಟೂ ಕಾಫಿ ಕೊಟ್ಟು ಬೆಳೆದವು. ಬೆಳಗಿನ ಎರಡು ತಾಸಿನಲ್ಲಿ ದರ್ಶಿನಿ ಮಾಡುವ ಕೆಲಸ ಹವಾನಿಯಂತ್ರಿತ ಕಚೇರಿಗೆ ಇಡೀ ದಿನದಲ್ಲಿ ಆಗದು ಎಂದರೆ ನಂಬುವುದು ಹೇಗೆ?

ಖರೀದಿ ನಿಲ್ಲಿಸುವುದೇ ಉತ್ತಮ ಮರುಬಳಕೆ ಎಂಬುದನ್ನು ಸರ್ಕಾರಗಳೂ ಆಗಾಗ ಒಪ್ಪಿವೆ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸರ್ಕಾರದ ಎಲ್ಲ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ಡೈರಿ, ಕ್ಯಾಲೆಂಡರ್ ಮುದ್ರಿಸುವುದನ್ನು ನಿಲ್ಲಿಸಿತು. 2021ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ, ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದರು. 2025ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಸರ್ಕಾರಿ ಕಚೇರಿ, ಸಭೆಗಳಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಬಳಸಬಾರದೆಂದು ಸೂಚಿಸಿದರು. ಇಂಥ ಸುತ್ತೋಲೆಗಳ ಆಯುಸ್ಸು ಎಷ್ಟೆಂಬುದು ಯಾವುದೇ ಸನ್ಮಾನ ಸಮಾರಂಭಕ್ಕೆ ಹೋದವರಿಗೆ ಗೊತ್ತು. ಸುತ್ತೋಲೆ ಹೊರಟರೂ ಬಜೆಟ್ಟಿನಲ್ಲಿ ‘ಹೂಗುಚ್ಛ, ಶಾಲು, ಸ್ಮರಣಿಕೆ’ ಎಂಬ ಸಾಲು ಉಳಿದಿದ್ದರೆ ಹಣ ಖರ್ಚಾಗಲೇಬೇಕು. ಬಾಟಲಿ ಬೇಡವೆಂದಾಗ ಜಗ್ಗು, ಲೋಟ, ಫಿಲ್ಟರಿಗೆ ಅದೇ ದಿನ ಹಣ ಮಂಜೂರಾಗದಿದ್ದರೆ ಮುಂದಿನ ಸಭೆಗೆ ಯಾರೋ ಒಬ್ಬರು ಅಂಗಡಿಗೆ ಓಡಿ ಬಾಟಲಿಯ ಪೆಟ್ಟಿಗೆ ತರುತ್ತಾರೆ. ಬೇಡ ಎಂಬ ಆದೇಶಕ್ಕಿಂತ, ಅದರ ಬದಲಿಗೆ ಇದು ಎಂಬ ಆದೇಶಕ್ಕೆ ಆಯುಸ್ಸು ಹೆಚ್ಚು.

ಖರೀದಿಯವರು ಮಾಡಬಹುದಾದ್ದು ಇನ್ನೂ ಇದೆ. ಪ್ರಿಂಟರುಗಳು ಕೇಳದೆಯೇ ಹಾಳೆಯ ಎರಡೂ ಮಗ್ಗುಲಿಗೆ ಮುದ್ರಿಸುವಂತೆ ಹೊಂದಿಸುವುದು, ಟೋನರ್ ಕೊಡುವವರೇ ಖಾಲಿ ಡಬ್ಬಿ ವಾಪಸು ಒಯ್ಯಬೇಕೆಂದು ಟೆಂಡರಿನಲ್ಲೇ ಬರೆಯುವುದು, ಸಕ್ಕರೆ, ಹಾಲಿನಪುಡಿ, ಟೊಮ್ಯಾಟೊ ಸಾಸುಗಳನ್ನು ಪುಟ್ಟ ಪೊಟ್ಟಣದ ಬದಲು ದೊಡ್ಡ ಡಬ್ಬಿಯಲ್ಲಿ ತರಿಸುವುದು. ಈ ಪೊಟ್ಟಣಗಳು ಹಲವು ಪದರಗಳನ್ನು ಒತ್ತಿ ಮಾಡಿದವು. ಪದರ ಬಿಡಿಸುವುದು ಲಾಭದ ಕೆಲಸವಲ್ಲದ್ದರಿಂದ ಅವುಗಳ ಕೊನೆ ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆ. ಮಧ್ಯಾಹ್ನದ ಹೊತ್ತು ಹೊರಗಿಂದ ಬರುವ ಊಟದ ಕಪ್ಪು ಬಣ್ಣದ ಡಬ್ಬಿಗಳದೂ ಹೆಚ್ಚುಕಡಿಮೆ ಇದೇ ಕತೆ. ಬಣ್ಣ ಗಾಢವಾದಷ್ಟೂ ಮರುಬಳಕೆಯ ಬೆಲೆ ಇಳಿಯುತ್ತದೆ, ಏಕೆಂದರೆ ಕಪ್ಪು ಪ್ಲಾಸ್ಟಿಕ್ಕಿನಿಂದ ಮತ್ತೆ ಕಪ್ಪು ವಸ್ತುವನ್ನಷ್ಟೇ ಮಾಡಬಹುದು.

ಕ್ಯಾಂಟೀನಿರುವ ಕಚೇರಿಗಳಲ್ಲಿ ತೂಕದಲ್ಲಿ ಮೇಲುಗೈ ಹಸಿ ಕಸದ್ದೇ. ದೊಡ್ಡ ಕಟ್ಟಡಗಳು ಇದಕ್ಕೆ ಲಕ್ಷಗಟ್ಟಲೆ ಸುರಿದು ಗೊಬ್ಬರದ ಯಂತ್ರ ತರಿಸುತ್ತವೆ. ಯಂತ್ರ ಕಸವನ್ನು ಕತ್ತರಿಸಿ, ಒಣಗಿಸಿ ಕಂದು ಪುಡಿ ಮಾಡಿ ಕೊಡುತ್ತದೆ. ಒಣಗಿದ ಪುಡಿಯೆಲ್ಲ ಗೊಬ್ಬರವಲ್ಲ. ಸೂಕ್ಷ್ಮಜೀವಿಗಳು ತಮ್ಮ ಕೆಲಸ ಮುಗಿಸಲು ವಾರಗಳೇ ಬೇಕು, ಗಾಳಿ, ತೇವ, ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಬೇಕು. ಯಂತ್ರದ ಪುಡಿಯನ್ನು ನೇರ ಗಿಡಕ್ಕೆ ಹಾಕಿದರೆ ನೀರು ಬಿದ್ದ ಕೂಡಲೇ ಮತ್ತೆ ಕೊಳೆಯಲು ಶುರುವಾಗಿ ನಾರುತ್ತದೆ. ಯಂತ್ರಕ್ಕಿಂತ ಮೊದಲು ಅಡುಗೆಮನೆಯತ್ತ ನೋಡುವುದು ಅಗ್ಗ. ಅರ್ಧ ಅನ್ನ, ಅರ್ಧ ಮುದ್ದೆ ಕೇಳಿ ಪಡೆಯುವ ಅವಕಾಶವಿದೆಯೇ? ಶುಕ್ರವಾರ ಮನೆಯಿಂದಲೇ ಕೆಲಸ ಮಾಡುವವರೆಷ್ಟು ಎಂಬುದು ಅಡುಗೆಯವರಿಗೆ ಗುರುವಾರ ಸಂಜೆಯೇ ತಿಳಿಯುತ್ತದೆಯೇ? ಕೈತೊಳೆಯುವ ಜಾಗದಲ್ಲಿ ‘ನಿನ್ನೆ ತಟ್ಟೆಯಲ್ಲಿ ಉಳಿದ ಅನ್ನ ಇಷ್ಟು ಕಿಲೊ’ ಎಂದು ಸೀಮೆಸುಣ್ಣದಲ್ಲಿ ಬರೆದರೆ ಎಷ್ಟೋ ಬೋಧನೆ ಉಳಿಯುತ್ತದೆ.

ಈಗ ಎತ್ತುವವರ ಮಾತು. ಯೋಜನೆಗಳು ಸದ್ದಿಲ್ಲದೆ ಸೋಲುವುದು ಇಲ್ಲಿಯೇ. ಮೂರು ಬುಟ್ಟಿಯಲ್ಲಿ ಬೇರೆ ಬೇರೆ ಬಿದ್ದ ಕಸ ರಾತ್ರಿ ಒಂದೇ ಕಪ್ಪು ಚೀಲದಲ್ಲಿ ಸೇರಿ ಕೆಳಗಿಳಿಯುವುದನ್ನು ಒಮ್ಮೆ ಕಂಡ ನೌಕರ ಮತ್ತೆಂದೂ ವಿಂಗಡಿಸುವುದಿಲ್ಲ. ಹೌಸ್‌ಕೀಪಿಂಗ್‌ನವರ ಮೇಲೆ ಸಿಟ್ಟಾಗುವ ಮೊದಲು ಅವರಿಗೆ ಬಣ್ಣ ಬಣ್ಣದ ಚೀಲ ಕೊಟ್ಟಿದ್ದೇವೆಯೇ, ಕೆಳಗೆ ಬೇರೆ ಬೇರೆ ಇಡಲು ಜಾಗವಿದೆಯೇ, ನಾಲ್ಕು ಮಹಡಿಗೆ ಎಷ್ಟು ಜನ ಎಂದು ನೋಡಬೇಕು. ತರಬೇತಿ ಕೊಟ್ಟವರು ಏಜೆನ್ಸಿ ಬದಲಾದೊಡನೆ ಹೋಗಿರುತ್ತಾರೆ. ಹೊಸಬರು ರಾಯಚೂರಿನಿಂದಲೋ ಅಸ್ಸಾಮಿನಿಂದಲೋ ಬಂದಿರುತ್ತಾರೆ. ಆದ್ದರಿಂದ ತರಬೇತಿ ವರ್ಷಕ್ಕೊಮ್ಮೆಯ ಕಾರ್ಯಕ್ರಮವಾಗದೆ ಕೆಲಸಕ್ಕೆ ಸೇರಿದ ಮೊದಲ ದಿನದ ಪಾಠವಾಗಬೇಕು.

ಇನ್ನೊಂದು ಸೂಕ್ಷ್ಮವಿದೆ, ದುಡ್ಡಿನದು. ರದ್ದಿ ಕಾಗದ, ಬಾಟಲಿ, ರಟ್ಟಿನ ಪೆಟ್ಟಿಗೆ ಮಾರಿ ಬರುವ ಚಿಲ್ಲರೆ ಬಹಳ ಕಡೆ ಅಟೆಂಡರ್ ಅಥವಾ ಹೌಸ್‌ಕೀಪಿಂಗ್‌ನವರ ಚಹಾ ಖರ್ಚು. ಕಂಪನಿ ‘ವೈಜ್ಞಾನಿಕ ಮರುಬಳಕೆ’ ಎಂದು ಎಲ್ಲವನ್ನೂ ಒಬ್ಬ ಗುತ್ತಿಗೆದಾರನಿಗೆ ಒಪ್ಪಿಸಿದ ದಿನ ಆ ಸಣ್ಣ ಆದಾಯ ನಿಲ್ಲುತ್ತದೆ. ಆಮೇಲೆ ವಿಂಗಡಣೆಯಲ್ಲಿ ಅವರಿಗೆ ಆಸಕ್ತಿ ಯಾಕಿರಬೇಕು? ಒಣ ಕಸದ ಹಣ ಅಥವಾ ಅದರ ಒಂದು ಪಾಲು ವಿಂಗಡಿಸುವವರ ಕೈಸೇರಬೇಕೆಂದು ಕರಾರಿನಲ್ಲಿ ಬರೆದುಬಿಡುವುದು ನ್ಯಾಯವೂ ಹೌದು, ಜಾಣತನವೂ ಹೌದು. ಹಾಗೆಯೇ, ಕಸ ಒಯ್ಯುವವರಿಗೆ ತಿಂಗಳಿಗಿಷ್ಟು ಎಂದು ಗಂಟುಹಣ ಕೊಟ್ಟರೆ ಕಸ ಕಡಿಮೆ ಮಾಡಿದ ಕಚೇರಿಗೆ ಏನೂ ಉಳಿಯುವುದಿಲ್ಲ. ಕಿಲೊ ಲೆಕ್ಕದಲ್ಲಿ ಕೊಟ್ಟರೆ ಪ್ರತಿ ಕಿಲೊ ಇಳಿದಾಗಲೂ ಹಣ ಉಳಿಯುತ್ತದೆ, ಖರೀದಿ ವಿಭಾಗಕ್ಕೂ ಕಸದಲ್ಲಿ ಆಸಕ್ತಿ ಹುಟ್ಟುತ್ತದೆ.

ಗೇಟಿನಾಚೆಗೂ ಜನರಿದ್ದಾರೆ. ಬೆಂಗಳೂರಿನ ಮರುಬಳಕೆ ನಿಂತಿರುವುದು ಚಿಂದಿ ಆಯುವವರು, ಗುಜರಿ ಅಂಗಡಿಯವರು, ಜಾಲಿ ಮೊಹಲ್ಲಾದ ವ್ಯಾಪಾರಿಗಳು, ಪ್ಲಾಸ್ಟಿಕ್ ಚೂರು ಮಾಡುವ ನಾಯಂಡಹಳ್ಳಿಯ ಘಟಕಗಳ ಮೇಲೆ. 2011ರಲ್ಲಿ ಬಿಬಿಎಂಪಿ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ತೊಡಗಿತು. ನಳಿನಿ ಶೇಖರ್ ಮತ್ತಿತರರು ಕಟ್ಟಿದ ಹಸಿರುದಳದಂಥ ಸಂಘಟನೆಗಳ ನೆರವಿನಿಂದ ಅವರಲ್ಲಿ ಹಲವರು ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳನ್ನೇ ನಡೆಸುವಂತಾದರು. ಸಾಹಸ್‌ನಂಥ ಸಂಸ್ಥೆಗಳು ಕಚೇರಿಗಳ ಕಸವನ್ನೇ ವೃತ್ತಿಯಾಗಿ ನಿರ್ವಹಿಸುತ್ತಿವೆ. ಕಚೇರಿ ಕಸ ಕೊಡುವಾಗ ಅದು ಯಾವ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿನ ಕೆಲಸಗಾರರಿಗೆ ಕೈಗವಸು, ಸರಿಯಾದ ಕೂಲಿ ಇದೆಯೇ ಎಂದು ಒಮ್ಮೆ ಹೋಗಿ ನೋಡಿಬಂದರೆ ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚು ತಿಳಿಯುತ್ತದೆ.

ಕಚೇರಿಯ ಕಸದಲ್ಲಿ ಕಣ್ಣಿಗೆ ಬೀಳದ ಪಾಲೊಂದಿದೆ. ಆಯುಧಪೂಜೆಯ ಹಿಂದಿನ ದಿನ ಅದು ಹೊರಬರುತ್ತದೆ. ಧೂಳು ಹೊಡೆಯಲೆಂದು ಸ್ಟೋರ್ ರೂಮಿನ ಬಾಗಿಲು ತೆಗೆದಾಗ ಹಳೆಯ ಮಾನಿಟರು, ಕೀಬೋರ್ಡು, ಕೆಟ್ಟ ಯುಪಿಎಸ್ ಬ್ಯಾಟರಿ, ವೈರಿನ ಸಿಕ್ಕು ಎಲ್ಲ ಕಾಣುತ್ತವೆ. ಕುಂಕುಮ ಹಚ್ಚಿ ಮತ್ತೆ ಬಾಗಿಲು ಹಾಕುತ್ತಾರೆ. ಅವು ಅಲ್ಲೇ ಉಳಿಯುವುದಕ್ಕೆ ಕಾರಣ ಎರಡು. ಆಸ್ತಿಪಟ್ಟಿಯಿಂದ ಹೆಸರು ತೆಗೆಯಲು ಯಾರೂ ರುಜು ಹಾಕರು, ಹಾರ್ಡ್ ಡಿಸ್ಕಿನಲ್ಲಿರುವ ಮಾಹಿತಿ ಯಾರ ಕೈಗೆ ಸಿಕ್ಕೀತೋ ಎಂಬ ಭಯ. ಗುಜರಿಯವರು ಅಧಿಕೃತ ಘಟಕಕ್ಕಿಂತ ಹೆಚ್ಚು ಬೆಲೆ ಕೊಟ್ಟಾರು, ಏಕೆಂದರೆ ತಂಬಿಗೆಯಷ್ಟು ತಾಮ್ರಕ್ಕಾಗಿ ವೈರು ಸುಡುವ, ಆ್ಯಸಿಡ್ಡಿನಲ್ಲಿ ಲೋಹ ಬಿಡಿಸುವ ಜಾಗಗಳಲ್ಲಿ ಕೆಲಸಗಾರರ ಆರೋಗ್ಯಕ್ಕಾಗಲೀ ಮಣ್ಣಿಗಾಗಲೀ ಯಾರೂ ಬೆಲೆ ತೆರುವುದಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ನೋಂದಾಯಿತ ಘಟಕಗಳಿಗೇ ಹೋಗಬೇಕು. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕ ಇ-ಪರಿಸರ 2005ರಲ್ಲಿ ಶುರುವಾದದ್ದು ನಮ್ಮ ದಾಬಸ್‌ಪೇಟೆಯಲ್ಲೇ. ಮೊದಲು ಮಾಡಬೇಕಾದ ಕೆಲಸವೆಂದರೆ ಲ್ಯಾಪ್‌ಟಾಪನ್ನು ಇನ್ನೊಂದೆರಡು ವರ್ಷ ದುಡಿಸುವುದು. ಅದರ ಪರಿಸರ ಹೊರೆಯ ಬಹುಪಾಲು ತಯಾರಿಕೆಯ ಹಂತದಲ್ಲೇ ಆಗಿಹೋಗಿರುತ್ತದೆ. ಕೊನೆಗೆ ಡಿಸ್ಕು ಅಳಿಸಿ ಯಾವುದಾದರೂ ಶಾಲೆಗೆ ಕೊಡಬಹುದೇ ನೋಡಿ, ಆಗದಿದ್ದರೆ ನೋಂದಾಯಿತ ಘಟಕಕ್ಕೆ ಕಳಿಸಬೇಕು. ಆಯುಧಪೂಜೆಗೆ ಒಂದು ವಾರ ಮೊದಲೇ ಈ ಪಟ್ಟಿ ತಯಾರಾಗಿ ರುಜು ಬಿದ್ದಿರಲಿ.

ಶುರು ಎಲ್ಲಿಂದ? ತೂಕದಿಂದ. ಒಂದು ದಿನ ಕಟ್ಟಡದ ಎಲ್ಲ ಕಸವನ್ನು ಹಿಂಬದಿಯ ಅಂಗಳದಲ್ಲಿ ಟಾರ್ಪಾಲಿನ ಮೇಲೆ ಸುರಿದು, ಕೈಗವಸು ತೊಟ್ಟು, ಬಗೆ ಬಗೆಯಾಗಿ ಬಿಡಿಸಿ ತೂಗಬೇಕು. ಖರೀದಿ ವಿಭಾಗದವರು, ಮಹಡಿಗೊಬ್ಬ ನೌಕರ, ಹೌಸ್‌ಕೀಪಿಂಗ್‌ನವರು ಮೂವರೂ ಅಲ್ಲಿರಬೇಕು. ಯಾವ ಮೂರು ವಸ್ತುಗಳು ಅತಿ ಹೆಚ್ಚು ಎಂಬುದು ಒಂದು ತಾಸಿನಲ್ಲಿ ಕಣ್ಣೆದುರೇ ನಿಲ್ಲುತ್ತದೆ. ಆ ಮೂರನ್ನು ಮಾತ್ರ ಮೊದಲ ಆರು ತಿಂಗಳಿಗೆ ಎತ್ತಿಕೊಂಡರೆ ಸಾಕು. ಆಮೇಲೆ ತಿಂಗಳಿಗೊಂದು ಹಾಳೆ: ಹಸಿ ಎಷ್ಟು ಕಿಲೊ, ಒಣ ಎಷ್ಟು, ಉಳಿದದ್ದೆಷ್ಟು, ಎಷ್ಟು ಹಣ ಹೋಯಿತು, ಎಷ್ಟು ಬಂತು, ಯಾರ ಕೈಗೆ ಬಂತು.

ಆ ಹಾಳೆ ಓದುವ ತಿಂಗಳ ಸಭೆಯಲ್ಲಿ ಹೌಸ್‌ಕೀಪಿಂಗ್ ಮೇಲ್ವಿಚಾರಕಿಗೂ ಒಂದು ಕುರ್ಚಿ ಇರಲಿ. ಯಾವ ಮಹಡಿಯವರು ಏನು ಎಸೆಯುತ್ತಾರೆ, ಯಾವ ಸಾಹೇಬರ ಕೋಣೆಯಿಂದ ಎಷ್ಟು ಬಾಟಲಿ ಬರುತ್ತದೆ ಎಂಬುದು ಇಡೀ ಕಟ್ಟಡದಲ್ಲಿ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮೊದಲ ಸಭೆಯಲ್ಲಿ ಅವರು ಬಾಯಿ ತೆರೆಯಲಿಕ್ಕಿಲ್ಲ. ಅವರು ಹಿಂಜರಿಯುತ್ತ ಹೇಳಿದ ಒಂದೇ ಒಂದು ಸಣ್ಣ ಬದಲಾವಣೆ ಮುಂದಿನ ತಿಂಗಳೊಳಗೆ ಜಾರಿಗೆ ಬಂದರೆ, ಮೂರನೆಯ ಸಭೆಯಿಂದ ಅವರ ಮಾತಿಗೆ ಕಡಿವಾಣ ಹಾಕುವುದೇ ಕಷ್ಟವಾದೀತು. ಕಚೇರಿಯ ಕಸಕ್ಕೆ ವಾರಸುದಾರರು ಸಿಕ್ಕಿದ್ದಾರೆಂದು ಆಗ ಧೈರ್ಯವಾಗಿ ಹೇಳಬಹುದು.